ಎಲೆಯ ರೋಗಕ್ಕೂ ಅದೇ, ಕಲಬೆರಕೆ ಬಣ್ಣಕ್ಕೂ ಅದೇ: ರಾಮನ್ ಬೆಳಕಿನ ಕಥಿ

ಈ ಸಲದ ಟಿಪ್ಪಣಿ ಉದ್ದ ಐತಿ. ಹೊಲದ ಕೆಲಸ ಮುಗಿಸಿ ಸಂಜಿ ಮುಂದ ಪುರಸೊತ್ತಿಲೆ ಓದ್ರಿ.

ಎಲೆಗೆ ಬೆಳಕು ಹಿಡಿದು ರೋಗ ಹೇಳುವ ಮಶೀನಿನ ವಿಡಿಯೋ ಒಂದು ನಮ್ಮ ಗ್ರೂಪುಗಳಾಗ ತಿರುಗಾಡಕತ್ತೈತಿ. ನೋಡಾಕ ಡ್ರಿಲ್ ಮಶೀನಿನಂಗ ಐತಿ. ಎಲೆಗೆ ಹಚ್ಚಿ ಗುಂಡಿ ಒತ್ತಿದರ ಪರದೆ ಮ್ಯಾಲ ಏರಿಳಿತದ ಗೆರೆ ಬರತಾವು. "ಇದು ಖರೇನೋ, ಮತ್ತೊಂದು ಮಾರಾಟದ ಆಟಾನೋ?" ಅಂತ ಸುಮಾರು ಮಂದಿ ಕೇಳ್ಯಾರ. ಅದರ ಹಿಂದಿರುವ ವಿಜ್ಞಾನ ಖರೇನ. ಅದನ್ನು ಕಂಡುಹಿಡಿದವರು ನಮ್ಮ ದೇಶದವರು, ಮುಂದ ಬೆಂಗಳೂರಿನಾಗ ಬಾಳಿ ಅಲ್ಲೇ ಮಣ್ಣಾದವರು. ಮೆಣಸಿನಕಾಯಿ ಪುಡಿಗೆ ಕಲಸಿದ ಕಳ್ಳ ಬಣ್ಣ ಹಿಡಿಯಾಕೂ ಇದೇ ವಿದ್ಯಾ ಉಪಯೋಗ ಆಗತೈತಿ. ಎಲೆಗೂ ಬಣ್ಣಕ್ಕೂ ಒಂದೇ ಮಶೀನು ಹ್ಯಾಂಗ ಅನ್ನೋದು ತಿಳೀಬೇಕಂದ್ರ ಅದರ ಇತಿಹಾಸ ನೋಡಬೇಕು. ಇತಿಹಾಸ ತಿಳಿದರ ಈ ಮಶೀನು ಏನು ಹೇಳಬಲ್ಲದು, ಏನು ಹೇಳಲಾರದು ಅನ್ನೋದೂ ತಿಳಿತೈತಿ. ನಮ್ಮ ರೊಕ್ಕದ ಪ್ರಶ್ನೆ ಇರೋದು ಅಲ್ಲೇ.

ಸಮುದ್ರ ಯಾಕ ನೀಲಿ?

ಚಂದ್ರಶೇಖರ ವೆಂಕಟ ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿನಾಪಳ್ಳಿಯಲ್ಲಿ. 1907ರಿಂದ ಸರ್ಕಾರದ ಹಣಕಾಸು ಇಲಾಖೆಯಲ್ಲಿ ಲೆಕ್ಕಪತ್ರದ ನೌಕರಿ. ಕಲ್ಕತ್ತಾದಲ್ಲಿದ್ದಾಗ ಆಫೀಸಿಗೆ ಹೋಗುವ ಮುಂಚೆ, ಆಫೀಸು ಮುಗಿದ ಮೇಲೆ, ಬೌಬಜಾರ್ ರಸ್ತೆಯ ಒಂದು ವಿಜ್ಞಾನ ಸಂಘದ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಿದ್ದರು. ದಿನಾ ದುಡಿದು, ಉಳಿದ ಹೊತ್ತಿನಾಗ ಕಲಿಯುವವರಿಗೆ ಇವರು ದೊಡ್ಡ ಉದಾಹರಣೆ. 1917ರಲ್ಲಿ ನೌಕರಿ ಬಿಟ್ಟು ಕಲ್ಕತ್ತಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು.

1921ರಲ್ಲಿ ಇಂಗ್ಲೆಂಡಿಗೆ ಹೋಗಿ ಹಡಗಿನಲ್ಲಿ ವಾಪಸು ಬರುವಾಗ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ಅವರ ಕಣ್ಣಿಗೆ ಬಿತ್ತು. ಆಕಾಶದ ನೀಲಿ ನೀರಿನಲ್ಲಿ ಕಾಣುತ್ತದೆ, ಅಷ್ಟೇ ಅಂತ ಆಗಿನ ದೊಡ್ಡ ವಿಜ್ಞಾನಿಗಳ ಮಾತು. ರಾಮನ್ ಹಂಗ ಒಪ್ಪಿಕೊಳ್ಳಲಿಲ್ಲ. ಹತ್ತಿರ ಇದ್ದ ಒಂದು ಸಣ್ಣ ಪ್ರಿಸಂನಿಂದ ನೀರಿನ ಮೇಲ್ಮೈಯ ಹೊಳಪನ್ನು ಅಡಗಿಸಿ ನೋಡಿದರು. ಹೊಳಪು ಹೋದರೂ ನೀಲಿ ಹೋಗಲಿಲ್ಲ. ಅಂದ್ರ ನೀಲಿ ಬರುತ್ತಿರೋದು ನೀರಿನ ಒಳಗಿಂದಲೇ, ನೀರಿನ ಅಣುಗಳು ಬೆಳಕನ್ನು ಚದುರಿಸುವುದರಿಂದ ಅಂತ ರಾಮನ್ ತೀರ್ಮಾನಿಸಿದರು. ಹಡಗು ಬೊಂಬಾಯಿ ಬಂದರಿಗೆ ಬರುವಷ್ಟರಲ್ಲಿ ಇದರ ಮೇಲೆ ಪತ್ರ ಬರೆದು ಮುಗಿಸಿದ್ದರು.

ಮುಂದ ಏಳು ವರ್ಷ ಇದೇ ಬೆನ್ನು ಹತ್ತಿದರು. 1928ರ ಆರಂಭದಲ್ಲಿ ಶಿಷ್ಯ ಕೆ. ಎಸ್. ಕೃಷ್ಣನ್ ಜೊತೆ ಸುಮಾರು 60 ದ್ರವಗಳನ್ನು ಪರೀಕ್ಷಿಸಿದರು. ಸೂರ್ಯನ ಬೆಳಕು ಹಿಡಿದು, ಬಣ್ಣದ ಗಾಜಿನಲ್ಲಿ ಸೋಸಿ, ಒಂದೇ ಬಣ್ಣ ಮಾಡಿ ದ್ರವದೊಳಗ ಬಿಡೋದು. ಆ ಬಣ್ಣವನ್ನು ಪೂರ್ತಿ ತಡೆಯುವ ಇನ್ನೊಂದು ಗಾಜು ಕಣ್ಣ ಮುಂದ ಇಟ್ಟುಕೊಳ್ಳೋದು. ಲೆಕ್ಕದ ಪ್ರಕಾರ ಕತ್ತಲೆ ಕಾಣಬೇಕು. ಆದರ ಮಸುಕಾಗಿ ಬೇರೆ ಬಣ್ಣ ಕಂಡಿತು. ಫೆಬ್ರವರಿ 28ರಂದು ಕೈಯಲ್ಲಿ ಹಿಡಿಯುವ ಚಿಕ್ಕ ಸ್ಪೆಕ್ಟ್ರೋಸ್ಕೋಪಿನಲ್ಲಿ ನೋಡಿದಾಗ ಒಳಗೆ ಹೋದ ಬಣ್ಣ ಬೇರೆ, ಹೊರಗೆ ಬಂದ ಬಣ್ಣದಲ್ಲಿ ಒಂದು ಪಾಲು ಬೇರೆ ಅನ್ನೋದು ಸ್ಪಷ್ಟವಾಯಿತು. ಈಗ ರಾಷ್ಟ್ರೀಯ ವಿಜ್ಞಾನ ದಿನ ಅಂತ ಶಾಲೆಯಲ್ಲಿ ಮಾಡುವುದು ಇದೇ ದಿನ.

ಇದರ ಮೇಲೆ ರಾಮನ್ ಸವಿಸ್ತಾರವಾಗಿ ಉಪನ್ಯಾಸ ಕೊಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, 1928ರ ಮಾರ್ಚ್ 16ರಂದು. ಅದೇ ಹೊತ್ತಿನಲ್ಲಿ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಅನ್ನುವ ಇಬ್ಬರು ಸ್ಫಟಿಕದಲ್ಲಿ ಇದನ್ನೇ ಕಂಡಿದ್ದರು. 1930ರ ನೊಬೆಲ್ ಬಹುಮಾನ ರಾಮನ್ ಅವರಿಗೆ ಬಂತು. 1933ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಅಂತ ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. ಆ ಕುರ್ಚಿಯಲ್ಲಿ ಕುಂತ ಮೊದಲ ಭಾರತೀಯ ಅವರೇ. 1948ರಲ್ಲಿ ಅಲ್ಲಿಂದ ನಿವೃತ್ತರಾಗಿ ತಮ್ಮದೇ ಸಂಶೋಧನಾ ಸಂಸ್ಥೆ ನಡೆಸಿದರು.

ಗೆಜ್ಜಿ ಸಪ್ಪಳದ ಲೆಕ್ಕ

ಬಣ್ಣ ಬದಲಾದರ ಏನಾತು, ಅದರಿಂದ ರೋಗ ಹ್ಯಾಂಗ ತಿಳಿತೈತಿ? ನನಗ ತಿಳಿದಂಗ ಹೇಳತೀನಿ.

ನಮ್ಮ ಹಿರಿಯರು ಕತ್ತಲಾಗ ಬರುವ ಚಕ್ಕಡಿಯ ಎತ್ತಿನ ಗೆಜ್ಜಿ ಸಪ್ಪಳ ಕೇಳಿ "ಇದು ಇಂಥವರ ಚಕ್ಕಡಿ" ಅಂತ ಹೇಳತಿದ್ರು. ಎತ್ತು ಕಾಣಬೇಕಾಗಿರಲಿಲ್ಲ. ಒಂದೊಂದು ಗೆಜ್ಜಿಗೆ ಒಂದೊಂದು ನಾದ. ಹಂಗ ಎಲ್ಲಾ ವಸ್ತುವಿನ ಅಣುವೂ ಸದಾ ನಡುಗತಿರತಾವು. ಅಣುವಿನೊಳಗಿನ ಒಂದೊಂದು ಕೊಂಡಿಗೂ ಅದರದೇ ನಡುಕ. ಒಂದೇ ಬಣ್ಣದ ಬೆಳಕು ಬಿಟ್ಟರ ಬಹುಪಾಲು ಬೆಳಕು ಹೋದಂಗ ವಾಪಸು ಬರತೈತಿ. ಸುಮಾರು ಒಂದು ಕೋಟಿ ಬೆಳಕಿನ ಕಣದಾಗ ಒಂದು ಕಣ ಮಾತ್ರ ಆ ನಡುಕಕ್ಕ ತನ್ನ ಶಕ್ತಿಯ ಸ್ವಲ್ಪ ಪಾಲು ಕೊಟ್ಟು, ಬಣ್ಣ ಬದಲಿಸಿಕೊಂಡು ಬರತೈತಿ. ಎಷ್ಟು ಬದಲಾತು ಅಂತ ಅಳೆದರ ಯಾವ ಕೊಂಡಿ, ಯಾವ ವಸ್ತು ಅನ್ನೋದು ಗೊತ್ತಾಗತೈತಿ. ಮಶೀನಿನ ಪರದೆ ಮ್ಯಾಲ ಬರುವ ಗೆರೆ ಅಂದ್ರ ಈ ಗೆಜ್ಜಿ ಸಪ್ಪಳ.

ಇಲ್ಲಿ ಒಂದು ಮಾತು ನೆನಪಿನಾಗ ಇಟ್ಟುಕೊಳ್ರಿ. ಮೊದಲು ಆ ಗೆಜ್ಜಿ ಕೇಳಿ ಪರಿಚಯ ಇದ್ದವನಿಗೆ ಮಾತ್ರ ಅದು ಯಾರ ಚಕ್ಕಡಿ ಅಂತ ತಿಳಿತೈತಿ. ಪರ ಊರಿನವನಿಗೆ ಎಲ್ಲಾ ಬರೇ ಸಪ್ಪಳ. ಈ ಮಾತಿಗೆ ಕಡೀಗೆ ಮತ್ತ ಬರತೀನಿ.

ದೀಪ, ಲೇಸರ್, ಬೆಳ್ಳಿ

ಕೋಟಿಗೆ ಒಂದು ಅಂದ್ರ ಬಹಳ ಕಡಿಮಿ. ಆಗ ಪಾದರಸದ ದೀಪ ಹಚ್ಚಿ, ಫೋಟೋ ತಟ್ಟೆ ಇಟ್ಟು, ಒಂದೊಂದು ಗೆರೆ ಮೂಡಾಕ ತಾಸುಗಟ್ಟಲೆ, ಕೆಲವು ಸಲ ದಿನಗಟ್ಟಲೆ ಕಾಯಬೇಕಾಗಿತ್ತು. ಹೊಲದ ಮಾತು ದೂರ ಉಳೀತು. ಎರಡನೇ ಮಹಾಯುದ್ಧದ ನಂತರ ಇನ್‌ಫ್ರಾರೆಡ್ ಉಪಕರಣಗಳು ಬಂದು ರಾಮನ್ ವಿಧಾನ ಹಿಂದಕ್ಕ ಸರೀತು.

ಅದಕ್ಕ ಮರುಜೀವ ಕೊಟ್ಟಿದ್ದು ಲೇಸರ್. 1960ರಲ್ಲಿ ಅಮೆರಿಕದ ಥಿಯೊಡೋರ್ ಮೈಮನ್ ಮೊದಲ ಲೇಸರ್ ಉರಿಸಿದರು. ಒಂದೇ ಬಣ್ಣದ, ಬಿಗಿಯಾದ, ಜೋರಾದ ಬೆಳಕು. ರಾಮನ್ ವಿಧಾನಕ್ಕ ಬೇಕಾಗಿದ್ದೂ ಅದೇ.

ಆದರೂ ಒಂದು ತೊಡಕು ಉಳೀತು. ಎಲೆ, ಬಣ್ಣ, ಕೂದಲು ಇವಕ್ಕೆ ಲೇಸರ್ ಬಿಟ್ಟರ ಅವು ತಾವೇ ಮಿನುಗತಾವು. ಎಲೆಯ ಹಸಿರು ಕೆಂಪಾಗಿ ಮಿನುಗತೈತಿ. ಜಾತ್ರಿ ಗದ್ದಲದಾಗ ಗೆಜ್ಜಿ ಸಪ್ಪಳ ಮುಚ್ಚಿಹೋದಂಗ, ಈ ಮಿನುಗಿನಾಗ ರಾಮನ್ ಗೆರೆ ಮುಚ್ಚಿಹೋಗತೈತಿ. ಇದಕ್ಕ ಎರಡು ಉಪಾಯ ಸಿಕ್ಕವು.

ಒಂದು, ಕಣ್ಣಿಗೆ ಕಾಣದ, ಕೆಂಪಿನ ಆಚೆಯ ಬೆಳಕಿನ ಲೇಸರ್ ಬಳಸೋದು. ಅದಕ್ಕ ಎಲೆ ಅಷ್ಟು ಮಿನುಗೂದಿಲ್ಲ. ಈಗಿನ ಹೊಲದ ಮಶೀನುಗಳ ಗುಟ್ಟು ಇದು.

ಎರಡನೇದು ಬೆಳ್ಳಿ. 1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಫ್ಲೈಷ್‌ಮನ್ ಮತ್ತು ಜೊತೆಗಾರರು ಒರಟು ಮಾಡಿದ ಬೆಳ್ಳಿಯ ಮೇಲೆ ಅಂಟಿದ ವಸ್ತುವಿನ ಗೆರೆ ಬಹಳ ಜೋರಾಗಿ ಬರೋದನ್ನು ಕಂಡರು. 1977ರಲ್ಲಿ ಅಮೆರಿಕದ ಜೀನ್‌ಮೇರ್ ಮತ್ತು ವಾನ್ ಡೈನ್, ಇಂಗ್ಲೆಂಡಿನ ಆಲ್ಬ್ರೆಕ್ಟ್ ಮತ್ತು ಕ್ರೈಟನ್, ಇದು ಬೆಳ್ಳಿಯಿಂದಲೇ ಆಗುವ ಲಕ್ಷಗಟ್ಟಲೆ ಪಟ್ಟು ಹೆಚ್ಚಳ ಅಂತ ತೋರಿಸಿದರು. ಬೆಳ್ಳಿ ಆ ಮಿನುಗನ್ನೂ ಅಡಗಿಸತೈತಿ. ಚೂರು ಬಣ್ಣ ಸಿಕ್ಕರೂ ಸಾಕು, ಅದು ಯಾವ ಬಣ್ಣ ಅಂತ ಹೇಳುವ ದಾರಿ ತೆರೀತು.

ಸುಳ್ಳು ನಕಾಶೆ, ಬಣ್ಣ ಹಚ್ಚಿದ ಕೂದಲು

ಈ ವಿದ್ಯಾ ಮೊದಲು ಹೆಸರು ಮಾಡಿದ್ದು ಹೊಲದಾಗ ಅಲ್ಲ, ಮೋಸ ಪತ್ತೆ ಮಾಡುವ ಕೆಲಸದಾಗ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ವಿನ್‌ಲ್ಯಾಂಡ್ ನಕಾಶೆ ಅಂತ ಒಂದಿತ್ತು. ಕೊಲಂಬಸ್‌ಗಿಂತ ಮೊದಲು, ಹದಿನೈದನೇ ಶತಮಾನದಲ್ಲಿ ಬರೆದದ್ದು, ಅಮೆರಿಕದ ದಂಡೆ ಅದರಾಗ ಐತಿ ಅಂತ 1965ರಲ್ಲಿ ಜಗತ್ತಿಗೆಲ್ಲಾ ಪ್ರಕಟ ಮಾಡಿದ್ದರು. 2002ರಲ್ಲಿ ಲಂಡನ್ನಿನ ಕ್ಯಾಥರೀನ್ ಬ್ರೌನ್ ಮತ್ತು ರಾಬಿನ್ ಕ್ಲಾರ್ಕ್ ಅದರ ಶಾಯಿಗೆ ರಾಮನ್ ಬೆಳಕು ಹಿಡಿದರು. ಹಳೇ ಕಾಲದ ಶಾಯಿಯಲ್ಲಿ ಕಬ್ಬಿಣ ಇರತಿತ್ತು, ವರ್ಷಗಳು ಕಳೆದಂಗ ಅಂಚಿಗೆ ಹಳದಿ ತಿರುಗತಿತ್ತು. ಈ ನಕಾಶೆಯಲ್ಲೂ ಹಳದಿ ಅಂಚು ಇತ್ತು. ಆದರ ಆ ಹಳದಿಯೊಳಗ ಸಿಕ್ಕಿದ್ದು ಅನಟೇಸ್ ಅನ್ನುವ ಟೈಟಾನಿಯಂ ವಸ್ತು, ಮೇಲಿನ ಕಪ್ಪು ಬರೇ ಇಂಗಾಲ. ಆ ಟೈಟಾನಿಯಂ ಬಣ್ಣ ಕಾರ್ಖಾನೆಗಳಿಂದ ಬಂದದ್ದು ಇಪ್ಪತ್ತನೇ ಶತಮಾನದಲ್ಲಿ. ಹಳೇದು ಅಂತ ಕಾಣಲಿ ಅಂತ ಯಾರೋ ಹಳದಿ ಗೆರೆ ಎಳೆದು ಅದರ ಮ್ಯಾಲ ಕಪ್ಪು ಬರೆದಿದ್ದರು. 2021ರಲ್ಲಿ ಯೇಲ್‌ನವರೇ ಇದು ನಕಲಿ ಅಂತ ಸಾರಿದರು.

ಇನ್ನೊಂದು ಕೂದಲಿನ ಕಥಿ. ಅಪರಾಧ ನಡೆದ ಜಾಗದಾಗ ಒಂದು ಕೂದಲು ಸಿಕ್ಕರ ಅದು ಯಾರದ್ದು? 2015ರಲ್ಲಿ ಡಿಮಿಟ್ರಿ ಕುರೌಸ್ಕಿ, ಆಗಲೇ ಹೇಳಿದ ಬೆಳ್ಳಿಯ ವಾನ್ ಡೈನ್ ಜೊತೆ ಸೇರಿ, ಕೂದಲಿಗೆ ಲೋಹದ ಅತಿ ಸಣ್ಣ ಕಣ ಸವರಿ ಪರೀಕ್ಷೆ ಮಾಡಿದರು. ಕೂದಲಿಗೆ ಬಣ್ಣ ಹಚ್ಚಿದ್ದೋ ಇಲ್ಲೋ, ಹಚ್ಚಿದ್ದರ ಬಹಳ ದಿನ ಉಳಿಯುವ ಬಣ್ಣವೋ ತೊಳೆದು ಹೋಗುವಂಥದ್ದೋ, ಯಾವ ಕಂಪನಿಯದ್ದು ಅನ್ನೋವರೆಗೂ ಬೇರ್ಪಡಿಸಿದರು. ನಮ್ಮ ವಯಸ್ಸಿನವರು ಮದುವಿ ಮುಂದ ಮೀಸಿಗೆ ಹಚ್ಚುವ ಬಣ್ಣವೂ ಈ ಬೆಳಕಿನ ಮುಂದ ಅಡಗೂದಿಲ್ಲ ನೋಡ್ರಿ.

ಇದೇ ಕುರೌಸ್ಕಿ ಮುಂದ ಟೆಕ್ಸಾಸ್‌ಗೆ ಹೋಗಿ ಗೋವಿನಜೋಳ ಮತ್ತು ಕಿತ್ತಳೆ ಗಿಡದ ಕಡೆ ತಿರುಗಿದರು. ಅದಕ್ಕ ಮೊದಲು ನಮ್ಮ ಮೆಣಸಿನಕಾಯಿಗೆ ತಟ್ಟಿದ ಒಂದು ಸಂಗತಿ ಹೇಳಬೇಕು.

ಕೆಂಪು ಬಣ್ಣದ ಕಳಂಕ

2003ರ ಮೇ ತಿಂಗಳಲ್ಲಿ ಫ್ರಾನ್ಸಿನಲ್ಲಿ ಭಾರತದಿಂದ ಹೋದ ಮೆಣಸಿನಕಾಯಿ ಪದಾರ್ಥದಲ್ಲಿ ಸುಡಾನ್-1 ಅನ್ನುವ ಬಣ್ಣ ಸಿಕ್ಕಿತು. ಇದು ಮೇಣ, ಪಾಲಿಶ್, ಎಣ್ಣೆಗೆ ಹಾಕುವ ಕಾರ್ಖಾನೆ ಬಣ್ಣ. ಕ್ಯಾನ್ಸರಿನ ಭಯ ಇರೋದರಿಂದ ಆಹಾರಕ್ಕ ಹಾಕುವಂತಿಲ್ಲ. ಅದೇ ವರ್ಷ ಯುರೋಪಿನ ಒಕ್ಕೂಟ, ಈ ಬಣ್ಣ ಇಲ್ಲ ಅನ್ನುವ ಪರೀಕ್ಷೆಯ ಕಾಗದ ಇಲ್ಲದ ಮೆಣಸಿನಕಾಯಿ ಒಳಗ ಬಿಡೂದಿಲ್ಲ ಅಂತ ನಿಯಮ ಮಾಡಿತು. 2005ರ ಫೆಬ್ರವರಿಯಲ್ಲಿ ಬ್ರಿಟನ್ನಿನಲ್ಲಿ ಮತ್ತ ಗದ್ದಲ. ಬಣ್ಣ ಇದ್ದ ಖಾರದ ಪುಡಿ ಒಂದು ಸಾಸಿಗೆ ಹೋಗಿ, ಆ ಸಾಸು ಮತ್ತೆಷ್ಟೋ ತಿನಿಸಿಗೆ ಹೋಗಿ, ಕಡೀಗೆ 400ಕ್ಕೂ ಹೆಚ್ಚು ಬಗೆಯ ತಿನಿಸುಗಳನ್ನು ಅಂಗಡಿಗಳಿಂದ ವಾಪಸು ತೆಗೆಸಿದರು.

ವಿಚಾರ ಮಾಡ್ರಿ. ಬಣ್ಣ ಕಲಸುವುದು ಪುಡಿ ಮಾಡುವ ಹೊತ್ತಿನಾಗ. ಹೊಲದಾಗ ಕಾಯಿ ಬಿಡಿಸಿ ಕಣದಾಗ ಒಣಗಿಸಿದವನು ಅದನ್ನು ಮುಟ್ಟಿರೂದಿಲ್ಲ. ಆದರ ಪೇಟೆಯಲ್ಲಿ ಸಂಶಯ ಬಂದರ ಅದು ಎಲ್ಲಾ ಕಾಯಿ ಮ್ಯಾಲೂ ಬರತೈತಿ. ಇದರಾಗ ಇನ್ನೊಂದು ಅನ್ಯಾಯ ಐತಿ. ಸುಡಾನ್ ಬಣ್ಣ ಹಾಕುವುದು ಕಳಪೆ, ಬಿಳಚಿದ ಕಾಯಿ ಪುಡಿ ಕೆಂಪು ಕಾಣಲಿ ಅಂತ. ನಮ್ಮ ಬ್ಯಾಡಗಿ ಕಾಯಿಗೆ ಬೆಲೆ ಬಂದದ್ದೇ ಖಾರ ಕಡಿಮಿ, ಬಣ್ಣ ಹೆಚ್ಚು ಅನ್ನುವ ಗುಣದಿಂದ. 2011ರಲ್ಲಿ ಅದಕ್ಕ ಭೌಗೋಳಿಕ ಗುರುತೂ ಸಿಕ್ಕೈತಿ. ಕಳ್ಳ ಬಣ್ಣ ನೇರವಾಗಿ ಹೊಡೆಯುವುದು ನಿಜ ಬಣ್ಣ ಬೆಳೆಯುವವರ ಹೊಟ್ಟಿಗೆ.

ಆಗ ಸುಡಾನ್ ಬಣ್ಣ ಹಿಡಿದದ್ದು ರಾಮನ್ ಬೆಳಕಿನಿಂದ ಅಲ್ಲ. ಪುಡಿಯನ್ನು ದ್ರಾವಣದಲ್ಲಿ ಕರಗಿಸಿ ಬೇರ್ಪಡಿಸುವ ದೊಡ್ಡ ಪ್ರಯೋಗಶಾಲೆಯ ಪರೀಕ್ಷೆಯಿಂದ. ಈಗಲೂ ಕೊನೆಯ ತೀರ್ಮಾನ ಅಂಥಾ ಪರೀಕ್ಷೆಯದೇ. ಆದರ ಆ ಗದ್ದಲದ ನಂತರ, ಪುಡಿಯನ್ನು ಕರಗಿಸದೆ ಜಾಗದಲ್ಲೇ ಜಲ್ದಿ ಜರಡಿ ಹಿಡಿಯಾಕ ರಾಮನ್ ಬೆಳಕು ಬಳಸುವ ಸಂಶೋಧನೆ ಹೆಚ್ಚಾತು. ಅರಿಷಿಣದ ಪುಡಿಗೆ ಕಲಸುವ ಮೆಟಾನಿಲ್ ಹಳದಿ ಅನ್ನುವ ಬಟ್ಟೆ ಬಣ್ಣವನ್ನು ಅಮೆರಿಕದ ಕೃಷಿ ಇಲಾಖೆಯ ಪ್ರಯೋಗಶಾಲೆಯವರು ಇದೇ ರೀತಿ ಪತ್ತೆ ಮಾಡಿ ತೋರಿಸ್ಯಾರ. ಕಣ್ಣಿಗೆ ಎರಡೂ ಹಳದಿ. ಆದರ ಅರಿಷಿಣದ ನಡುಕ ಬೇರೆ, ಆ ಬಣ್ಣದ ನಡುಕ ಬೇರೆ.

ಕಾಯಿಯ ಬಣ್ಣದಿಂದ ಎಲೆಯ ಆರೋಗ್ಯಕ್ಕೆ

ಈಗ ಬಣ್ಣ ಮತ್ತು ರೋಗ ಕೂಡುವ ಜಾಗಕ್ಕ ಬಂದ್ವಿ. ಮೆಣಸಿನಕಾಯಿ ಕೆಂಪಾಗೋದು ಕೆರೋಟಿನಾಯ್ಡ್ ಅನ್ನುವ ಜಾತಿಯ ವಸ್ತುಗಳಿಂದ. ಗಜ್ಜರಿಯ ಕೇಸರಿ ಬಣ್ಣವೂ ಅದೇ ಜಾತಿ. ಹಸಿರು ಎಲೆಯೊಳಗೂ ಅದೇ ಜಾತಿಯ ವಸ್ತು ಐತಿ, ಹಸಿರಿನ ಕೆಳಗ ಮುಚ್ಚಿಕೊಂಡಿರತೈತಿ ಅಷ್ಟೇ. ಅಲ್ಲಿ ಅದರ ಕೆಲಸ ಬಿಸಿಲಿನ ಬೆಳಕು ಹಿಡಿಯೋದು, ಬೆಳಕು ಹೆಚ್ಚಾದಾಗ ಎಲೆ ಸುಡದಂಗ ಕಾಯೋದು. ಇದರ ಅಣು ಉದ್ದ ಸರಪಳಿಯಂಗ ಇರೋದರಿಂದ ರಾಮನ್ ಬೆಳಕಿನಲ್ಲಿ ಇದರ ಗೆಜ್ಜಿ ಎಲ್ಲಕ್ಕಿಂತ ಜೋರು. ಗಿಡಕ್ಕೆ ತ್ರಾಸ ಆದರ ಎಲೆಯೊಳಗ ಇದು ಏರುಪೇರಾಗತೈತಿ. ರೋಗದ ಜೋಡಿ ಗುದ್ದಾಡುವಾಗ ಗಿಡ ತಯಾರಿಸುವ ಲಿಗ್ನಿನ್‌ನಂಥಾ ವಸ್ತುಗಳ ಗೆರೆಯೂ ಬದಲಾಗತೈತಿ. ಎಷ್ಟೋ ಸಲ ಎಲೆ ಹಳದಿ ಆಗುವ ಮುಂಚೇನ ಈ ಬದಲಾವಣೆ ಶುರು ಆಗಿರತೈತಿ.

ಕುರೌಸ್ಕಿಯವರ ತಂಡ 2018ರಲ್ಲಿ ಕೈಯಲ್ಲಿ ಹಿಡಿಯುವ ಮಶೀನಿನಿಂದ ಗೋವಿನಜೋಳದ ಕಾಳು ಪರೀಕ್ಷಿಸಿತು. ಆರೋಗ್ಯದ ಕಾಳು ಯಾವುದು, ಬೂಸ್ಟು ಹಿಡಿದದ್ದು ಯಾವುದು, ಯಾವ ಜಾತಿಯ ಬೂಸ್ಟು ಅನ್ನೋದನ್ನು ಬೇರ್ಪಡಿಸಿತು. ಅದರಾಗ ಆಸ್ಪರ್‌ಜಿಲಸ್ ಫ್ಲೇವಸ್ ಅನ್ನೋದೂ ಇತ್ತು. ಇದು ಅಫ್ಲಾಟಾಕ್ಸಿನ್ ವಿಷ ಮಾಡುವ ಬೂಸ್ಟು. ಗೋವಿನಜೋಳ, ಶೇಂಗಾ, ಒಣ ಮೆಣಸಿನಕಾಯಿ ಮೂರಕ್ಕೂ ಇದು ಶತ್ರು.

2019ರಲ್ಲಿ ಅದೇ ತಂಡ ಟೆಕ್ಸಾಸಿನ ಕಿತ್ತಳೆ ಜಾತಿಯ ಗಿಡಗಳಲ್ಲಿ ಹಸಿರು ರೋಗ, ಅಂದ್ರ ಸಿಟ್ರಸ್ ಗ್ರೀನಿಂಗ್, ಪತ್ತೆ ಮಾಡಿತು. ಇದು ಸಣ್ಣ ಕೀಟದಿಂದ ಹರಡುವ ಬ್ಯಾಕ್ಟೀರಿಯಾ ರೋಗ. ಹೊರಗ ಕಾಣಾಕ ತಿಂಗಳು, ಕೆಲವೊಮ್ಮೆ ವರ್ಷವೇ ಬೇಕು. ಎಲೆ ನೋಡಿದರ ಪೋಷಕಾಂಶದ ಕೊರತೆ ಅಂತ ಮೋಸ ಹೋಗತೀವಿ. ರೋಗದ ಗಿಡ ಮತ್ತು ಬರೇ ಕೊರತೆಯ ಗಿಡ ಇವೆರಡನ್ನು ಬೇರೆ ಮಾಡಿದ್ದು ಅಲ್ಲಿಯ ದೊಡ್ಡ ಮಾತು.

2020ರಲ್ಲಿ ಸಿಂಗಾಪುರದಲ್ಲಿ ಸಂಶೋಧಕರು ಎಲೆಗೆ ಚಿಮಟಿಗಿಯಂಗ ಕಚ್ಚಿಸುವ ರಾಮನ್ ಉಪಕರಣ ಮಾಡಿದರು. ಸೊಪ್ಪಿನ ಬೆಳೆಗಳಲ್ಲಿ ನೈಟ್ರೇಟಿನ ಗೆರೆ ಇಳಿಯೋದನ್ನು ನೋಡಿ, ಎಲೆ ಹಳದಿಯಾಗುವ ಮೊದಲೇ ಸಾರಜನಕದ ಕೊರತೆ ಹೇಳಬಹುದು ಅಂತ ತೋರಿಸಿದರು. ಯೂರಿಯಾ ಎಷ್ಟು, ಯಾವಾಗ ಅನ್ನೋದು ಊಹೆಯಿಂದ ಅಳತೆಗೆ ಬರುವ ದಾರಿ ಇದು.

ನಮ್ಮ ಪಾಲಿಗೆ ಇದರ ಬೆಲೆ ಏನು?

ಮೆಣಸಿನ ಗಿಡದ ಎಲೆ ಮುಟುರು ರೋಗ ಎಲ್ಲರಿಗೂ ಗೊತ್ತು. ಥ್ರಿಪ್ಸ್ ನುಸಿ ಬಂದರೂ ಎಲೆ ಮುಟುರತೈತಿ, ಮೈಟ್ ನುಸಿ ಬಂದರೂ ಮುಟುರತೈತಿ, ವೈರಸ್ ಬಂದರೂ ಮುಟುರತೈತಿ. ಮೂರಕ್ಕೂ ಉಪಚಾರ ಬೇರೆ. ವೈರಸ್‌ಗಂತೂ ಹೊಡೆಯುವ ಔಷಧವೇ ಇಲ್ಲ. ಯಾವುದು ಅಂತ ತಿಳಿಯದೆ ಎಣ್ಣಿ ಹೊಡೆದರ ರೊಕ್ಕ ಹಾಳು, ಉಳಿದ ವಿಷದ ಅಂಶಕ್ಕ ಪೇಟೆಯಲ್ಲಿ ಮತ್ತೊಂದು ತಕರಾರು. ಹೊತ್ತಿಗೆ ಸರಿಯಾಗಿ ಕಾರಣ ಹೇಳುವ ಉಪಕರಣ ಬಂದರ ಅದು ಆಟದ ಸಾಮಾನಲ್ಲ.

ಆದರ ಗೆಜ್ಜಿ ಮಾತು ನೆನಪು ಮಾಡಿಕೊಳ್ರಿ. ಮಶೀನು "ಇದು ಥ್ರಿಪ್ಸ್" ಅಂತ ತಾನೇ ಓದೂದಿಲ್ಲ. ಈ ಗೆರೆಯನ್ನು ಮೊದಲೇ ಸಂಗ್ರಹಿಸಿದ ಗೆರೆಗಳ ಜೋಡಿ ಹೋಲಿಸಿ, ಯಾವುದಕ್ಕ ಹತ್ತಿರ ಐತಿ ಅಂತ ಹೇಳತೈತಿ. ಟೆಕ್ಸಾಸಿನ ಕಿತ್ತಳೆ ಎಲೆಯಿಂದ ಕಲಿತದ್ದು ನಮ್ಮ ಎರಿ ಹೊಲದ ಬ್ಯಾಡಗಿ ಕಡ್ಡಿ, ಬ್ಯಾಡಗಿ ಡಬ್ಬಿ ಗಿಡಕ್ಕ ಹಂಗ ಕೂಡೂದಿಲ್ಲ. ಎಳೇ ಎಲೆ ಬೇರೆ, ಬಲಿತ ಎಲೆ ಬೇರೆ. ನೀರಿಲ್ಲದೆ ಬಾಡಿದ ಗಿಡವೂ ತ್ರಾಸದ ಗೆರೆಯನ್ನೇ ತೋರಿಸತೈತಿ, ರೋಗದ ಗಿಡವೂ ತೋರಿಸತೈತಿ. ಅವನ್ನು ಬೇರೆ ಮಾಡಾಕ ನಮ್ಮ ತಳಿ, ನಮ್ಮ ಮಣ್ಣು, ನಮ್ಮ ಹಂಗಾಮಿನ ನೂರಾರು ಎಲೆಗಳ ದಾಖಲೆ ಬೇಕು. ಆ ದಾಖಲೆ ಯಾರ ಕೈಯಾಗ ಇರತೈತೋ ಅವರ ಮಾತು ನಡಿತೈತಿ.

ಪೇಟೆಯಲ್ಲೂ ಇದೇ ಲೆಕ್ಕ. ನಾಳೆ ಖರೀದಿದಾರ ಚೀಲದ ಬಾಯಿಗೆ ಬೆಳಕು ಹಿಡಿದು "ಬಣ್ಣ ಕಡಿಮಿ, ಬೂಸ್ಟು ಐತಿ" ಅಂದರ ನಾವು ಏನು ಹೇಳಬೇಕು? ತೂಕದ ಕಾಟಾ ಖರೀದಿದಾರನ ಕೈಯಾಗ ಮಾತ್ರ ಇದ್ದ ಕಾಲ ನಮ್ಮ ಹಿರಿಯರು ನೋಡ್ಯಾರ. ಕಾಟಾಕ್ಕ ಸರ್ಕಾರಿ ಮುದ್ರೆ ಬಂದ ಮ್ಯಾಲ ಮಾತಾಡಾಕ ಒಂದು ಆಧಾರ ಸಿಕ್ಕಿತು. ಬೆಳಕಿನ ಕಾಟಾಕ್ಕೂ ಅಂಥಾ ಮುದ್ರೆ ಬೇಕು.

ಅದಕ್ಕ ಇಂಥಾ ಮಶೀನು ತೋರಿಸಾಕ ಯಾರಾದರೂ ಬಂದರ ಈ ನಾಲ್ಕು ಪ್ರಶ್ನೆ ಕೇಳ್ರಿ. ಯಾವ ಬೆಳೆ, ಯಾವ ತಳಿ, ಯಾವ ಊರಿನ ಎಲೆಗಳ ಮ್ಯಾಲ ಇದಕ್ಕ ಕಲಿಸೀರಿ? ನೀರಿನ ಕೊರತೆ ಮತ್ತು ರೋಗ ಬೇರೆ ಮಾಡತೈತೇನು? ಸಂಶಯ ಬಂದರ ಪ್ರಯೋಗಶಾಲೆಯಲ್ಲಿ ಮರುಪರೀಕ್ಷೆ ಯಾರ ಖರ್ಚಿನಾಗ? ನಮ್ಮ ಹೊಲದಾಗ ತೆಗೆದ ಗೆರೆಗಳ ದಾಖಲೆ ನಮಗ ಕೊಡತೀರೇನು?

ಇನ್ನೊಂದು ಕೆಲಸ ಮಶೀನಿಲ್ಲದೇನೂ ಮಾಡಬಹುದು. ಮಾಲು ಮಾರುವ ಮುಂಚೆ ಪ್ರತಿ ಸಲ ಅರ್ಧ ಕಿಲೋ ಇಡೀ ಕಾಯಿ ತೆಗೆದು, ಚೆಂದಾಗಿ ಒಣಗಿಸಿ, ಗಾಳಿಯಾಡದ ಡಬ್ಬಿಯಾಗ ತಾರೀಖು ಬರೆದು, ಬಿಸಿಲು ಬೀಳದ ಜಾಗದಾಗ ಇಡ್ರಿ. ತಕರಾರು ಬಂದ ದಿನ ಹೋಲಿಸಿ ನೋಡಾಕ ನಿಮ್ಮ ಹತ್ತಿರ ಒಂದು ನಮೂನೆ ಇರಬೇಕು. ಸಂಘದಿಂದ ಎಲ್ಲರೂ ಹಂಗ ಇಟ್ಟರ ಅದೇ ನಮ್ಮ ದಾಖಲೆಯ ಮೊದಲ ಪುಟ.

ರಾಮನ್ ಕೊನೆಯ ವರ್ಷಗಳಲ್ಲಿ ಬೆಂಗಳೂರಿನ ತಮ್ಮ ಸಂಸ್ಥೆಯಲ್ಲಿ ಹೂವಿನ ಬಣ್ಣಗಳ ಅಧ್ಯಯನಕ್ಕ ಕುಂತರು. ಸಮುದ್ರದ ನೀಲಿಯಿಂದ ಶುರು ಮಾಡಿದವರು ತೋಟದ ಹೂವಿಗೆ ಬಂದಿದ್ದರು. 1970ರ ನವೆಂಬರ್ 21ರಂದು ತೀರಿಕೊಂಡಾಗ, ಅವರ ಇಚ್ಛೆಯಂತೆ ಸಂಸ್ಥೆಯ ಅಂಗಳದಲ್ಲೇ ಸಂಸ್ಕಾರ ಮಾಡಿದರು. ಸಮಾಧಿ ಕಟ್ಟಲಿಲ್ಲ, ಒಂದು ಗಿಡ ನೆಟ್ಟರು. ದೊಡ್ಡವರು ಹೇಳಿದ್ದನ್ನು ಹಂಗ ನಂಬದೆ, ಹತ್ತಿರ ಇದ್ದ ಸಣ್ಣ ಗಾಜು ಹಿಡಿದು ತಾವೇ ನೋಡಿದ ಮನುಷ್ಯ. ಅವರ ಹೆಸರಿನ ಮಶೀನು ನಮ್ಮ ಹೊಲಕ್ಕೆ ಬಂದಾಗ ನಾವೂ ಅಷ್ಟು ಮಾಡಿದರ ಸಾಕು.

ನಿಮ್ಮ ಊರ ಕಡೆ ಇಂಥಾ ಮಶೀನು ಯಾರಾದರೂ ತಂದು ತೋರಿಸಿದ್ದರ, ಆ ನಾಲ್ಕು ಪ್ರಶ್ನೆಗೆ ಅವರು ಏನಂದ್ರು ಅಂತ ಕೆಳಗ ಬರೀರಿ. ಎಲ್ಲರಿಗೂ ಉಪಯೋಗ ಆಗತೈತಿ.